ಪೆಂಡುರ್ತಿಗೆ ಹೋದ ರಸೀದಿ

ಮೂವತ್ತು ವರ್ಷ ಕಾಲೇಜು ಹುಡುಗರ ಅಂಕ ಕಡಿದವಳು ನಾನು. ನನ್ನ ದುಡ್ಡು ಕಡಿಯುವವರು ಆಂಧ್ರದಲ್ಲಿ ಇನ್ನೂ ಹುಟ್ಟಿಲ್ಲ ಎಂದು ೧೯೮೮ರ ಒಂದು ಸೋಮವಾರ ಘೋಷಿಸಿಬಿಟ್ಟೆ!

ಯಜಮಾನರು, ಹೆಸರು ಇಂದುಧರ, ಬ್ಯಾಂಕಿನಲ್ಲಿದ್ದರು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ವಿಶಾಖಪಟ್ಟಣದ ಹೊರವಲಯದ ಪೆಂಡುರ್ತಿಯಲ್ಲಿ ಬಿಟ್ಟುಬಂದ ಬಾಡಿಗೆ ಮನೆಯ ಅಡ್ವಾನ್ಸು ಮೂರು ಸಾವಿರ ಬಂದರೇ ಹೊಸ ಮನೆಗೆ ಅಡ್ವಾನ್ಸು. ಬಂದದ್ದು ಮಾತ್ರ ಮನೆಯೊಡತಿ ಲಕ್ಷ್ಮೀಕಾಂತಮ್ಮನವರ ತೆಲುಗು ಪತ್ರ. ಬ್ಯಾಂಕಿನ ಗುಮಾಸ್ತರೊಬ್ಬರು ಓದಿ ಹೇಳಿದರು: ಗೋಡೆಗೆ ಇಪ್ಪತ್ತಮೂರು ಮೊಳೆ, ಕಿಟಕಿ ಸರಳಿಗೆ ತುಕ್ಕು, ಆರುನೂರ ನಲವತ್ತು ಕಡಿತ. ಒಪ್ಪಿದರೆ ಮಿಕ್ಕದ್ದಕ್ಕೆ ಡಿಡಿ ಕಳಿಸುತ್ತಾರಂತೆ.

ತುಕ್ಕಂತೆ! ಸಮುದ್ರದ ಗಾಳಿಯನ್ನು ನಾನೇನು ಮೈಸೂರಿನಿಂದ ಗಂಟುಕಟ್ಟಿ ತಂದಿದ್ದೆನೇ?

ಇಂಗ್ಲಿಷಿನಲ್ಲಿ ನಾಲ್ಕು ಪುಟ ಝಾಡಿಸಿದೆ. 'ಸುಲಿಗೆ' ಎಂಬುದಕ್ಕೇ ಆರು ಪರ್ಯಾಯ ಪದ! ಆಕೆಗೆ ಇಂಗ್ಲಿಷ್ ಬರುತ್ತದೆಯೇ ಎಂಬ ಕ್ಷುಲ್ಲಕ ಪ್ರಶ್ನೆ ಹೊಳೆಯಲಿಲ್ಲ. ನೆಪ ಹೇಳಲು ಎಡೆಯಿರಬಾರದೆಂದು ರೆವಿನ್ಯೂ ಸ್ಟಾಂಪು ಅಂಟಿಸಿ, 'ಮೂರು ಸಾವಿರವೂ ಮುಟ್ಟಿದೆ' ಎಂಬ ರಸೀದಿಯನ್ನೂ ಬರೆದೆ.

"ದುಡ್ಡು ಬರೋಕೆ ಮುಂಚೆ ಸಹಿ ಹಾಕಬಹುದೇನ್ರೀ?"

"ಬ್ಯಾಂಕಲ್ಲಿ ಹಾಗೇ ಕಣೆ. ಮೊದಲು ಸಹಿ, ಆಮೇಲೆ ನೋಟು."

ರಿಜಿಸ್ಟರ್ಡ್ ಪೋಸ್ಟ್ ಹೋಯಿತು. ಮಾರನೆಯ ದಿನ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಥಟ್ಟನೆ ಹೊಳೆಯಿತು.

"ರೀ! ರಸೀದಿ ಇಟ್ಟುಕೊಂಡು ಒಂದು ಪೈಸೆಯೂ ಕೊಡದಿದ್ದರೆ?"

"ನಮ್ಮ ಕೌಂಟರಿನಲ್ಲಿ ಯಾವತ್ತೂ ಹಾಗಾಗಿಲ್ಲ..."

"ಲಕ್ಷ್ಮೀಕಾಂತಮ್ಮ ನಿಮ್ಮ ಕ್ಯಾಷಿಯರಾ?"

ಸಾಸಿವೆ ಸೀದುಹೋಯಿತು. ಅಂಚೆಗಿಂತ ಮೊದಲೇ ಮುಟ್ಟಬೇಕೆಂದು ನಾನು ರೈಲು ಹತ್ತಿದೆ. ಏಲೂರು, ರಾಜಮಂಡ್ರಿ, ತುನಿ... ಪ್ಲಾಟ್‌ಫಾರಂನಲ್ಲಿ ಕಂಡ ಅಂಚೆ ಚೀಲವೆಲ್ಲ ನನ್ನ ಸಹಿಯನ್ನೇ ಹೊತ್ತಂತೆ ಕಾಣಿಸಿತು!

ಲಕ್ಷ್ಮೀಕಾಂತಮ್ಮ ಜಗುಲಿಯಲ್ಲಿ ಲಕೋಟೆ ಒಡೆದು ಕೂತಿದ್ದರು. "ನೂರು ವರ್ಷ ಆಯುಸ್ಸು ಮೇಡಂಗಾರೂ! ಈಗಷ್ಟೇ ಬಂತು. ಎಲ್ಲ ಇಂಗ್ಲಿಷು. ನೀವೇ ಓದಿ ಹೇಳಿಬಿಡಿ."

ಅವರು ಮಜ್ಜಿಗೆ ತರಲು ಒಳಗೆ ಹೋದಾಗ ರಸೀದಿಯನ್ನು ಚೀಲಕ್ಕೆ ಸೇರಿಸಿದೆ. ಮೂರು ಸಾವಿರ ಬದುಕಿತು! ಆದರೆ ನಾಲ್ಕು ಪುಟ? ನನ್ನ ತೆಲುಗು ಬದನೆಕಾಯಿ ಚೌಕಾಸಿಯಷ್ಟು. ಚೆನ್ನಾಗಿ ಬಂದಿದ್ದರೂ, ಆಕೆಯ ಮಜ್ಜಿಗೆ ಕುಡಿಯುತ್ತ ಆಕೆಯನ್ನೇ ಸುಲಿಗೆಗಾರ್ತಿ ಎನ್ನುವುದು ಹೇಗೆ? ಕಾಗದದಲ್ಲಿ 'ಹೃದಯಹೀನರು' ಎಂದಿದ್ದುದು ನನ್ನ ಹರಕು ತೆಲುಗಿನಲ್ಲಿ 'ದೊಡ್ಡ ಮನಸ್ಸಿನವರು' ಆಯಿತು. 'ಕೋರ್ಟಿಗೆ ಎಳೆಯುತ್ತೇನೆ' ಎಂಬಲ್ಲಿ 'ವಿಜಯವಾಡಕ್ಕೆ ಬಂದು ನಾಲ್ಕು ದಿನ ಇದ್ದುಹೋಗಿ' ಎಂದೆ.

ಲಕ್ಷ್ಮೀಕಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಮೂರು ಸಾವಿರ ಎಣಿಸಿ ತಂದರು. "ಇಷ್ಟು ಅಭಿಮಾನ ಇಟ್ಟವರ ಹತ್ತಿರ ಮೊಳೆ ಲೆಕ್ಕವೇ ಅಮ್ಮಾ?"

ಗೆದ್ದೆ! ರಸೀದಿ ಕೊಟ್ಟು, ಕಾಗದ ಮಡಿಸತೊಡಗಿದೆ.

"ಅದು ಇಲ್ಲೇ ಇರಲಿ ಮೇಡಂಗಾರೂ. ಭಾನುವಾರ ಅಳಿಯ ಬರ್ತಾನೆ, ಇಂಗ್ಲಿಷ್ ಮೇಷ್ಟ್ರು. ಇನ್ನೊಂದು ಸಲ ಓದಿಸಿ ಕೇಳ್ತೀನಿ."

ಮಜ್ಜಿಗೆ ಲೋಟ ಕೆಳಗಿಟ್ಟೆ. "ಮೊಳೆ ಹೊಡೆದದ್ದು ನಾವೇ ಅಮ್ಮಾ. ಆರುನೂರ ನಲವತ್ತು ನೀವು ಇಟ್ಟುಕೊಳ್ಳಲೇಬೇಕು!"

"ಛೇ ಛೇ, ಬೇಡ!"

"ಬೇಡ ಅನ್ನಕೂಡದು! ನೆನಪಿಗೆ ನನಗೆ ಈ ಕಾಗದ ಸಾಕು!"

ಹತ್ತು ನಿಮಿಷ ಜಗ್ಗಾಡಿ, ಆರುನೂರ ನಲವತ್ತನ್ನು ಆಕೆಯ ಮಡಿಲಿಗೆ ತುರುಕಿ, ಕಾಗದದೊಂದಿಗೆ ಓಡಿಬಂದೆ.

ಯಜಮಾನರು ನೋಟುಗಳನ್ನು ಎರಡು ಸಲ ಎಣಿಸಿದರು. "ಎರಡು ಸಾವಿರದ ಮುನ್ನೂರ ಅರವತ್ತು. ಇಷ್ಟೇ ತಾನೇ ಅವರು ಕೂತಲ್ಲಿಗೇ ಕಳಿಸ್ತೀವಿ ಅಂದಿದ್ದು?"

ನಾನು ನಾಲ್ಕು ಪುಟವನ್ನೂ ಚೂರುಚೂರಾಗಿ ಹರಿಯತೊಡಗಿದೆ.

"ಹೋಗಲಿ ಬಿಡು," ಎಂದರು, "ಪಾಪ, ಅವರಿಗೆ ಡಿಡಿ ಕಮಿಷನ್ ಉಳೀತು."