ಕಂಬಳಿಗೊಂದು ಸೂರು

ಈಜಿಪ್ಟಿನ ಯುದ್ಧದಿಂದ ತಾಳ್ಯದ ಗೋವಿಂದಪ್ಪ ಜೀವಂತ ಮರಳಿದ್ದೇ ತಪ್ಪಾಯಿತು. ಸತ್ತನೆಂದು ತಿಳಿದು ದಾಯಾದಿಗಳು ಅವನ ಮನೆಯನ್ನು ಆಗಲೇ ನುಂಗಿ ನೀರು ಕುಡಿದಿದ್ದರು. ಪಾಪ, ಊರು ಬಿಟ್ಟು ತಾಲ್ಲೂಕು ಪೇಟೆಯ ಮುರುಕು ಮಂಟಪದಲ್ಲಿ ಕಂಬಳಿ ಹಾಸಿ ಮಲಗುತ್ತಿದ್ದ. ಅವನಂಥ ಮಾಜಿ ಸಿಪಾಯಿಗಳಿಗೆ ತಂಗುಮನೆ ಕಟ್ಟಲು ಸರ್ಕಾರ ಕಳಿಸಿದ್ದ ಹಂಚು ಕಚೇರಿಯ ಹಿತ್ತಲಲ್ಲಿ ಪಾಚಿ ಹಿಡಿಯುತ್ತಿತ್ತು. ಹಂಚು ಬಂದಿದೆ, ಕಟ್ಟುವ ಹುಕುಂ ಬಂದಿಲ್ಲ ಎನ್ನುತ್ತಿದ್ದರು ಅಮಲ್ದಾರರು.

ಅಂದು ಬೆಳಿಗ್ಗೆ ಹುಕುಂ ಬಂತು, ಆದರೆ ಬೇರೆಯದು. ನಾಳೆ ದುರ್ಗದಿಂದ ದೊಡ್ಡ ಸಾಹೇಬರ ಸವಾರಿ; ಬೀದಿಯಲ್ಲಿ ಒಬ್ಬ ಸಿಪಾಯಿಯೂ ಮಲಗಿರಕೂಡದು! ನೆಗಡಿ ಬಂದರೆ ಮೂಗು ಕೊಯ್ಯುವುದರಲ್ಲಿ ನಮ್ಮ ಸರ್ಕಾರವನ್ನು ಮೀರಿಸುವವರಿಲ್ಲ.

ಸುದ್ದಿ ತಂದವಳು ಮಂಟಪದ ಎದುರುಮನೆಯ ಕೆಂಚಕ್ಕ. ಊರಿನವರ ಕಷ್ಟಕ್ಕೆಲ್ಲ ಕೇಳದೆಯೇ ಉಪಾಯ ಹೇಳುವಾಕೆ.

"ಲೇ ಗೋವಿಂದ, ಕಚೇರಿ ಜವಾನ ಚಿತ್ರಲಿಂಗಪ್ಪ ಬೆತ್ತ ಹಿಡ್ಕಂಡು ಬರ್ತಾ ಅವ್ನೆ, ನಿನ್ನ ಓಡ್ಸಾಕೆ."

"ಈ ಚಳೀಲಿ ಎಲ್ಲಿಗೆ ಹೋಗ್ಲಕ್ಕಾ?"

"ಎಲ್ಲಿಗೂ ಹೋಗ್ಬ್ಯಾಡ. ದೇವ್ರಿಗೆ ಕಂಬಳಿ ಗದ್ದಿಗೆ ಹಾಕು. ಅವ್ನೂ ನಮ್ಮ ಕುರುಬರೋನೇ. ಗದ್ದಿಗೆ ಮುಟ್ಟೋ ಗುಂಡಿಗೆ ಐತಾ ಅವ್ನಿಗೆ?"

ಗೋವಿಂದಪ್ಪ ಕಂಬಳಿ ಮಡಿಸಿ ಹಾಸಿ, ಕೆಂಚಕ್ಕ ಕೊಟ್ಟ ಅರಿಸಿನದ ಭಂಡಾರ ಚೆಲ್ಲಿ, ಮೇಲೆ ಅವಳದೇ ಒಂದು ಕಳಸವಿಟ್ಟ. ಅಬ್ಬರಿಸುತ್ತ ಬಂದ ಚಿತ್ರಲಿಂಗಪ್ಪ ಬೆತ್ತ ಎಸೆದು, ಚಪ್ಪಲಿ ಬಿಟ್ಟು, ಉದ್ದಕ್ಕೆ ಅಡ್ಡಬಿದ್ದ.

"ದೇವ್ರು ಕುಂತಾನೆ ಅಂತ ಮೊದ್ಲೇ ಹೇಳಬಾರ್ದೇನಪ್ಪ!"

ಮಧ್ಯಾಹ್ನದ ಹೊತ್ತಿಗೆ ಕಾಯಿ, ಊದುಬತ್ತಿ, ಡೊಳ್ಳು, ಜನವೋ ಜನ. ಗದ್ದಲ ಕೇಳಿ ಓಡಿಬಂದ ಅಮಲ್ದಾರರು ಜನರನ್ನು ನೋಡಿಯೇ ಭಕ್ತರಾದರು.

"ಛೆ, ದೇವರು ಹೀಗೆ ಬಯಲಲ್ಲಿ ಕೂತಿರೋದೇ? ನಾಳೆ ಸಾಹೇಬರು ಏನಂದಾರು? ಹಂಚು ತನ್ನಿ!"

ಈಗ ಯಾವ ಹುಕುಮೂ ಬೇಕಾಗಲಿಲ್ಲ. ಗೋವಿಂದಪ್ಪನಿಗಂತೂ ಹಿಗ್ಗೋ ಹಿಗ್ಗು. ತಾನೇ ತಲೆಯ ಮೇಲೆ ಹಂಚು ಹೊತ್ತು ತಂದ. ಸಂಜೆಗೆ ಮಂಟಪಕ್ಕೆ ಮಾಡು ಬಂತು, ಬಾಗಿಲೂ ಬಂತು.

ಜನ ಚದುರಿದ ಮೇಲೆ ಅವನು ಒಳಗೆ ಕಾಲಿಡಹೋದರೆ ಚಿತ್ರಲಿಂಗಪ್ಪ ಬೀಗ ಹಾಕುತ್ತಿದ್ದ.

"ಎಲ್ಲಿಗಪ್ಪಾ?"

"ಮಲಿಕ್ಕಳಾಕೆ ಕಣಣ್ಣ."

"ಗದ್ದಿಗೆ ಮುಂದೆ ಕಾಲು ಚಾಚ್ತೀಯೇನಲೇ? ನರಮನುಷ್ಯ ಮಲಗೋ ಜಾಗವಾ ಇದು?"

"ಹೋಗ್ಲಿ, ಕಂಬಳಿನಾದ್ರೂ ಕೊಡಣ್ಣ. ಅದು ನಂದು."

"ದೇವ್ರನ್ನೇ ಎಳ್ಕಂಡು ಹೊದ್ಕಂತೀಯಾ? ನಡಿ, ನಡಿ ಊರಾಚೆ! ಬೀದೀಲಿ ಸಿಪಾಯಿ ಕಾಣಂಗಿಲ್ಲ ಅಂತ ಹುಕುಂ ಐತೆ."

ಗೋವಿಂದಪ್ಪ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ನಡುಗುತ್ತ ತಾಳ್ಯದ ದಾರಿ ಹಿಡಿದ. ಕೆಂಚಕ್ಕ ಬಾಗಿಲಲ್ಲೇ ನಿಂತು ಸಮಾಧಾನ ಹೇಳಿದಳು.

"ಬೇಜಾರಾಗ್ಬ್ಯಾಡ ಕಣೋ. ನಿನ್ನ ಕಂಬಳಿಗಾದ್ರೂ ಸರ್ಕಾರ ಮನೆ ಕೊಡ್ತಲ್ಲ!"