ದಡದಲ್ಲೇ ನಿಂತ ಹೆಂಗಸಿನ ಪರವಾಗಿ, ಕಾನೂನು ವಿಭಾಗಕ್ಕೆ

ಬಾಗಲಗುಂಟೆ, ೧೩ ಜುಲೈ ೨೦೨೫. ನನ್ನ ಅರ್ಜಿಗೆ ಕಂಪನಿಯ ಉತ್ತರ ಬಂದ ಮರುದಿನ.

ಕಾನೂನು ವಿಭಾಗದ ಮುಖ್ಯಸ್ಥರಾದ ಶೇಖರಪ್ಪನವರಿಗೆ, ಬಾಟಲಿಗೆ ಮುಚ್ಚಳ ಬಿಗಿಯುವ ಯಂತ್ರಗಳ ತಂತ್ರಾಂಶ ಬರೆಯುವ ಪೀಣ್ಯದ ಕಚೇರಿಯಲ್ಲಿ ದುಡಿಯುವ ತಮ್ಮ ಉದ್ಯೋಗಿಯೊಬ್ಬಳ ವಿನಯಪೂರ್ವಕ ವಂದನೆಗಳು.

ಮಾನ್ಯರೇ,

ನಮ್ಮ ಮನೆಯ ಮಾಲೀಕರಾದ ಈಶ್ವರಮ್ಮನವರು ಗಡಿಯಾರ ಕಾರ್ಖಾನೆಯಿಂದ ನಿವೃತ್ತರಾದವರು. ಕಣ್ಣು ಮಂಜಾದ ಮೇಲೆ, ಸೇವಾಸಂಸ್ಥೆಯೊಂದು ಉಚಿತವಾಗಿ ಕೊಡುವ, ಯಾರು ಬೇಕಾದರೂ ತಿದ್ದಿ ಕಳಿಸಬಹುದಾದ ಆ್ಯಪ್‌ನಲ್ಲಿ ಕಾದಂಬರಿ ಕೇಳುತ್ತಾರೆ. ಈ ಆ್ಯಪ್, ನಡುವೆ ನಿಲ್ಲಿಸಿದರೆ, ಮರುದಿನ ಅಧ್ಯಾಯದ ಮೊದಲ ಸಾಲಿಗೇ ಹೋಗಿ ಕೂರುತ್ತದೆ. ಪೋರ್ಚುಗೀಸಿನಿಂದ ಕನ್ನಡಕ್ಕೆ ಬಂದ ಕಾದಂಬರಿಯೊಂದರ ದೀರ್ಘ ಅಧ್ಯಾಯದಲ್ಲಿ ಅವರು ಹೀಗೆ ಸಿಕ್ಕಿಕೊಂಡು, "ಆ ಹೆಂಗಸು ದೋಣಿ ಹತ್ತಿದ್ಲೋ ಇಲ್ವೋ ಅಷ್ಟ್ ಹೇಳಮ್ಮ, ದಿನಾ ದಡದಲ್ಲೇ ನಿಲ್ಸಿ ಸಾಯಿಸ್ತಿದೆ ಇದು" ಎಂದರು. ಕಾದಂಬರಿ ನಾನು ಓದಿದ್ದೇ. ಆದರೆ ಮುಂದಿನದನ್ನು ಹೇಳಿಬಿಡುವುದು ಓದುಗರಿಗೆ ಮಾಡುವ ದ್ರೋಹವೆಂದು ನಂಬಿರುವುದರಿಂದ, ಭಾನುವಾರ ಮನೆಯಲ್ಲಿ, ನನ್ನದೇ ಲ್ಯಾಪ್‌ಟಾಪಿನಲ್ಲಿ ಆ ದೋಷವನ್ನು ಸರಿಪಡಿಸಿದೆ.

ತಿದ್ದಿದ್ದನ್ನು ಕಳಿಸಿದಾಗ ಸೇವಾಸಂಸ್ಥೆ ಸಂತೋಷಪಟ್ಟು, ಇದರ ಮೇಲೆ ನನಗೆ ಕೆಲಸ ಕೊಟ್ಟ ಕಂಪನಿಗೆ ಹಕ್ಕಿಲ್ಲವೆಂದು ಕಂಪನಿಯ ಒಂದು ಸಹಿ ಮಾತ್ರ ಕೇಳಿತು; ಅದಕ್ಕಾಗಿ ತಮಗೆ ಅರ್ಜಿ ಹಾಕಿದೆ. ತಾವು ಕೃಪೆಯಿಟ್ಟು ಕಳಿಸಿದ ಪತ್ರದಲ್ಲಿ, ನಾನು ಬರೆದದ್ದರಿಂದ ಯಾರಿಗೆ ಏನೇ ನಷ್ಟವಾದರೂ ಕಂಪನಿ ಹೊಣೆಯಲ್ಲ, ಹಕ್ಕು ಮಾತ್ರ ಕಂಪನಿಯದು, ತೀರ್ಮಾನವಾಗುವವರೆಗೆ ಈಶ್ವರಮ್ಮನವರ ಫೋನಿಗೂ ಅದನ್ನು ಹಾಕಕೂಡದು ಎಂದಿದೆ. ತಪ್ಪು ನನಗೆ, ಫಲ ತಮಗೆ ಎಂಬುದನ್ನು ಇಷ್ಟು ಅಚ್ಚುಕಟ್ಟಾದ ಗದ್ಯದಲ್ಲಿ ನಾನು ಓದಿರಲಿಲ್ಲ. ತಮ್ಮ ವಿಭಾಗದ ಲಾವಣ್ಯ ಅವರು ಸಮಾಧಾನವನ್ನೂ ಹೇಳಿದರು: "ಇದೊಂದು ನಮ್ದಲ್ಲ ಅಂತ ಬರ್ಕೊಟ್ರೆ, ಹಾಗಾದ್ರೆ ಮಿಕ್ಕಿದ್ದೆಲ್ಲಾ ನಿಮ್ದಾ ಅಂತ ಆಡಿಟ್‌ನೋರು ಕೇಳ್ತಾರೆ ಕಣ್ರೀ."

ಆದ್ದರಿಂದ ಮಿಕ್ಕದ್ದನ್ನೂ ವಹಿಸಿಕೊಳ್ಳಬೇಕೆಂದು ಪ್ರಾರ್ಥನೆ. ಕಳೆದ ಭಾನುವಾರದ ಹುಳಿಗೆ ಉಪ್ಪು ಹೆಚ್ಚಾಗಿತ್ತು. ಉಳಿದದ್ದನ್ನು ಯಾವ ವಿಭಾಗಕ್ಕೆ ತಲುಪಿಸಬೇಕು? ಗಾಡಿ ನಿಲ್ಲಿಸುವ ಜಾಗಕ್ಕಾಗಿ ಎದುರುಮನೆಯವರೊಂದಿಗೆ ಅರ್ಧಕ್ಕೆ ನಿಂತಿರುವ ಜಗಳವನ್ನು ಮುಂದುವರಿಸಲು ತಮ್ಮಲ್ಲಿ ಯಾರನ್ನಾದರೂ ನೇಮಿಸಬೇಕು. ಬೈಗುಳಗಳನ್ನು ನಾನು ಒದಗಿಸುತ್ತೇನೆ, ಹಕ್ಕು ಹೇಗೂ ತಮ್ಮದೇ.

ರಜೆಯ ದಿನಗಳಲ್ಲೂ ತಮ್ಮ ವಿಶ್ವಾಸಿ,
ಶ್ರೀರಂಜನಿ

ತಾ.ಕ.: ಬರುವ ಶನಿವಾರ ಈಶ್ವರಮ್ಮನವರ ಪಕ್ಕದಲ್ಲಿ ಕೂತು ಆ ಅಧ್ಯಾಯವನ್ನು ಕೊನೆಯವರೆಗೆ ನಾನೇ ಓದಿ ಹೇಳುವುದೆಂದು ತೀರ್ಮಾನಿಸಿದ್ದೇನೆ. ನನ್ನ ದನಿಯ ಮೇಲೂ ಕಂಪನಿಗೆ ಹಕ್ಕಿದ್ದಲ್ಲಿ ತಾವೇ ಬಂದು ಓದಬಹುದು. ಆದರೆ ಮುಂದೆ ಇನ್ನೂ ಹತ್ತೊಂಬತ್ತು ಅಧ್ಯಾಯಗಳಿವೆ, ಮತ್ತು ಈಶ್ವರಮ್ಮನವರು ನಡುವೆ ಎದ್ದು ಹೋಗಲು ಬಿಡುವವರಲ್ಲ.