ನಮ್ಮ ಮಾಮಾನ ಸಾಕ್ಷಿ

ಸಾಕ್ಷಿಗೆ ಯಾರನ್ನು ಬೇಕಾದರೂ ಕರೆಯಿರಿ, ನಮ್ಮ ಮಾಮಾನನ್ನು ಮಾತ್ರ ಕರೆಯಬೇಡಿ! ದಾಂಡೇಲಿಯಿಂದ ಮುಂಡಗೋಡದವರೆಗೆ ಇದು ಎಲ್ಲರೂ ಒಪ್ಪಿದ ಮಾತು. ಆದರೆ ನನ್ನ ಗ್ರಹಚಾರ ನೋಡಿ, ನಮ್ಮ ಮನೆತನದಲ್ಲಿ ನಿಶ್ಚಿತಾರ್ಥದ ಕಾಗದಕ್ಕೆ ಹುಡುಗಿಯ ಸೋದರಮಾವನೇ ಸಾಕ್ಷಿಯ ಸಹಿ ಹಾಕಬೇಕು. ನನಗಿರುವವರೋ ಇವರೊಬ್ಬರೇ!

ಎಲ್ಲಕ್ಕೂ ಮೂಲ ಒಂದು ಶಬ್ದ. ಕಾಗದದ ಕಾರ್ಖಾನೆಯ ಕೆಲಸಗಾರನ ಮಗನಾಗಿ ದಾಂಡೇಲಿಯ ಬಂಗೂರನಗರದಲ್ಲಿ ಬೆಳೆದ ಮಾಮಾ, ಊರು ಬಿಟ್ಟು ಹೋಗಿ ಕ್ರೈಸ್ತ ನೀತಿಶಾಸ್ತ್ರ ಓದಿ ಡಾಕ್ಟರೇಟ್ ಪಡೆದರು. ವಿಷಯ, ಮನಸ್ಸಾಕ್ಷಿ. ಅಜ್ಜ ಓಣಿಗೆಲ್ಲ ಪೇಢೆ ಹಂಚುತ್ತ ಹೋದ. ಆ ಗಡಿಬಿಡಿಯಲ್ಲಿ 'ಮನಸ್ಸು' ಎಲ್ಲೋ ಉದುರಿಹೋಗಿ ಬರೀ 'ಸಾಕ್ಷಿ' ಉಳಿಯಿತು.

"ನನ್ನ ಮಗಾ ಸಾಕ್ಷಿದಾಗ ಡಾಕ್ಟರ್ ಆಗ್ಯಾನ!"

"ಒಂದು ಸಹಿ ಹಾಕಾಕ ಇಷ್ಟು ವರ್ಷ ಓದಬೇಕೇನಪಾ?" ಎಂದು ಪಕ್ಕದ ಮನೆಯ ಕಾಕಾ ಕೇಳಿದರಂತೆ.

ಮಾಮಾ ಮುಂದೆ ದೂರದ ಧರ್ಮಶಾಸ್ತ್ರದ ಕಾಲೇಜಿನಲ್ಲಿ ಪಾಠ ಹೇಳಿದರು. 'ಸುಳ್ಳು ಯಾವಾಗಾದರೂ ಸರಿಯೇ?' ಎಂಬುದು ಅವರ ಕಾಯಂ ಪ್ರಶ್ನೆ. "ಉತ್ತರ ಏನ್ರೀ ಸರ್?" ಎಂದು ವಿದ್ಯಾರ್ಥಿಗಳು ಅಂಗಲಾಚಿದರೆ, "ನನಗ ಗೊತ್ತಿದ್ರ ನಿಮಗ್ಯಾಕ ಕೇಳ್ತಿದ್ದೆ?" ಎನ್ನುತ್ತಿದ್ದರಂತೆ. ಆ ಹುಡುಗರು ಪಾಸಾದದ್ದಾದರೂ ಹೇಗೋ! ಆದರೆ ಸ್ವಂತಕ್ಕೆ ಮಾಮಾ ಸುಳ್ಳು ಹೇಳಿದವರಲ್ಲ. ಅವ್ವನ ಸಾರು ಹೇಗಿದೆ ಎಂದರೂ ಅರ್ಧ ತಾಸು ಯೋಚಿಸಿ, "ಉಪ್ಪು ಕಡಿಮಿ ಆಗೈತಿ ತಂಗಿ" ಎನ್ನುವ ಪೈಕಿ. ಅಷ್ಟರಲ್ಲಿ ನಾವು ಉಂಡು ಕೈ ತೊಳೆದಿರುತ್ತಿದ್ದೆವು.

ನಿವೃತ್ತಿಯಾಗಿ ಊರಿಗೆ ಬಂದದ್ದೇ ತಡ, 'ಸಾಕ್ಷಿ ಡಾಕ್ಟರ'ನ್ನು ಕರೆಯಲು ಜನ ಮುಗಿಬಿದ್ದರು. ಮಾಮಾ ಹೋಗುತ್ತಿದ್ದರು. ಆದರೆ ಪೆನ್ನು ತೆರೆಯುವ ಮೊದಲು, "ಇದು ನಿಮ್ಮ ಮನಸ್ಸಿನಿಂದನ ಏನ್ರೀ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಮುಂಡಗೋಡದ ಹತ್ತಿರದ ಇಂದೂರಿನ ರೈತನೊಬ್ಬ ಹೊಲ ಮಾರುವಾಗ ಹಾಗೆ ಕೇಳಿದ್ದಕ್ಕೆ ಆತ, "ನನ್ನ ಮನಸ್ಸಿನಿಂದ ಅಲ್ರೀ, ಹೆಂಡ್ತಿ ಮನಸ್ಸಿನಿಂದ" ಎಂದ. ಹೆಂಡತಿ ಅಲ್ಲೇ ನಿಂತಿದ್ದಳು! ವ್ಯವಹಾರ ಅಲ್ಲಿಗೇ ಠುಸ್. ದಾಂಡೇಲಿಯ ಮೆಕ್ಯಾನಿಕ್ ಸಾಹೇಬರು ಹಳೇ ಬೈಕು ಮಾರುವಾಗ, "ಗಾಡಿ ದೋಷ ಎಲ್ಲಾ ಹೇಳೀರೇನು?" ಎಂದು ಮಾಮಾ ಅವರನ್ನು ಕೇಳಿದರು.

"ತೋಬಾ ತೋಬಾ! ಸರ್, ನಾ ಗಾಡಿ ಮಾರಾಕ ಬಂದೇನ್ರೀ, ಪಾಪ ಒಪ್ಪಿಸಾಕಲ್ಲ!"

ಇಂಥವರ ಸಹಿ ನನ್ನ ಮದುವೆಗೆ! ಹುಡುಗ ಹಳಿಯಾಳದವನು, ಒಳ್ಳೆಯವನು. ಬೇಡ ಎನ್ನಲು ಒಂದು ನೆಪವಾದರೂ ಬೇಡವೇ? ಮದುವೆಯಾದ ಮೇಲೆ ನಾನು ಜೊಯಿಡಾದ ಶಾಲೆಯ ಕೆಲಸ ಬಿಡಬೇಕು ಎಂದಿದ್ದರು ಅವನ ಮನೆಯವರು, ಅಷ್ಟೇ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರಿನ ಕೆಲಸಕ್ಕಾಗಿ ಯಾರಾದರೂ ಅಳುತ್ತಾರೆಯೇ? ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಯಾಕೆಂದು ನನಗೇ ತಿಳಿಯುತ್ತಿರಲಿಲ್ಲ.

ನಿಶ್ಚಿತಾರ್ಥದ ದಿನ ಅವ್ವ ಕೈ ಮುಗಿದಳು. "ಅಣ್ಣಾ, ಇವತ್ತೊಂದು ದಿನ ಬಾಯಿ ಮುಚ್ಚಕೊಂಡು ಸಹಿ ಹಾಕು. ಏನೂ ಕೇಳಬ್ಯಾಡ."

"ಆತವ್ವಾ, ಬಾಯಿ ತೆರಿಯೂದಿಲ್ಲ."

ಕೊಟ್ಟ ಮಾತಿಗೆ ತಪ್ಪದ ಮನುಷ್ಯ! ನನ್ನ ಸಹಿಗೆಂದು ಕಾಗದ ಹಿಡಿದು ಒಳಕೋಣೆಗೆ ಬಂದರು. ತುಟಿ ಬಿಗಿ ಮುಚ್ಚಿತ್ತು. ಕಾಗದದ ಜೊತೆ ಒಂದು ಚೀಟಿ ಮುಂದಿಟ್ಟರು. ಪೆನ್ಸಿಲಿನಲ್ಲಿ ಬರೆದಿದ್ದರು: 'ಮನಸ್ಸಿನಿಂದನ ಏನವ್ವಾ?'

ಸೀರೆ ಯಾವುದು, ಊಟಕ್ಕೆ ಏನು ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ 'ಗೊತ್ತಿಲ್ಲ' ಎಂದು ಬರೆದೆ. ಕೈ ತಡೆಯಲಿಲ್ಲ, ಕೆಳಗೆ 'ಸಾಲಿ ಬಿಡೂದಿಲ್ಲ' ಎಂದೂ ಬರೆದುಬಿಟ್ಟೆ. ಮಾಮಾ ಚೀಟಿ ಮಡಚಿ ಜೇಬಿಗಿಟ್ಟು ಪಡಸಾಲೆಗೆ ಹೋಗಿ ಬಾಯಿ ತೆರೆದೇಬಿಟ್ಟರು.

"ನಾ ಸಹಿ ಹಾಕೂದಿಲ್ರೀ."

ಅಪ್ಪ ಎದ್ದು ನಿಂತರು. "ಯಾಕ? ಆಕಿ ಏನರ ಅಂದ್ಳೇನು?"

ನಾನು ಓಡಿ ಬಾಗಿಲ ಮರೆಗೆ ಬಂದೆ. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ!

"ಇಲ್ರೀ," ಎಂದರು ಮಾಮಾ. "ಆಕಿ ಹೂಂ ಅಂದ್ಳು. ಖುಷೀಲೆ ಅದಾಳ. ನನಗ ಈ ಸಂಬಂಧ ಮನಸ್ಸಿಲ್ಲ. ತಪ್ಪು ನಂದ."

ಮುದುಕನಿಗೆ ತಲೆ ಕೆಟ್ಟಿದೆ ಎಂದರು, ಹುಡುಗಿಯ ಬಾಳು ಹಾಳು ಮಾಡಿದ ಎಂದರು. ಬೀಗರು ಎದ್ದು ಹೋದರು. ಮಾಮಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ನನಗೆ ಮಾತ್ರ ಯಾರೂ ಒಂದು ಮಾತು ಅನ್ನಲಿಲ್ಲ.

ಆಮೇಲೆ ಮಾಮಾ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದರು. ಹೋಗಿ ಅವರ ಕೈ ಹಿಡಿದುಕೊಂಡೆ.

"ಮಾಮಾ, ನೀವು ಸುಳ್ಳು ಹೇಳಿದ್ರಿ."

"ಹೂಂನವ್ವಾ."

"ತಪ್ಪಲ್ಲೇನು?"

"ತಪ್ಪೋ ಸರಿಯೋ, ಗೊತ್ತಾಗವಲ್ದು," ಎಂದರು. "ನೀ ನಾಳಿ ಸಾಲಿಗೆ ಹೋಗು."